ಕಿವಿ ಮುಚ್ಚಿಕೊಂಡವನ ಚಿತ್ರ

ಓಸ್ಲೋ, ಭಾನುವಾರ

ಪ್ರೀತಿಯ ಅಜ್ಜನಿಗೆ ನಮಸ್ಕಾರಗಳು.

ನಾನಿಲ್ಲಿ ಸೌಖ್ಯ. ಫೋನಿನಲ್ಲಿ ಮಾತು ಈಗ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಅಮ್ಮ ಹೇಳಿದರು. ಅದಕ್ಕೇ ಈ ಪತ್ರ. ಉಡುಪಿಗೆ ತಲುಪಲು ಎಷ್ಟು ದಿನ ಬೇಕಾದರೂ ಆಗಲಿ, ನೀವು ಚಾವಡಿಯಲ್ಲಿ ಕುಳಿತು ನಿಧಾನವಾಗಿ ಓದಬಹುದು ಅಲ್ವಾ?

ನಿನ್ನೆ ಇಲ್ಲಿನ ನ್ಯಾಷನಲ್ ಮ್ಯೂಸಿಯಮ್ಮಿಗೆ ಹೋಗಿದ್ದೆ. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ ‘ಚೀತ್ಕಾರ’ ಅಲ್ಲಿದೆ. ಭಾರೀ ದೊಡ್ಡ ಚಿತ್ರ ಅಂದುಕೊಂಡಿದ್ದೆ. ಒಂದು ಮೀಟರ್ ಎತ್ತರವೂ ಇಲ್ಲ, ರಟ್ಟಿನ ಮೇಲೆ ಬರೆದದ್ದು. ಕೆಂಪು ಆಕಾಶ, ಕಟಕಟೆ ಇರುವ ದಾರಿ, ಬಾಯಿ ತೆರೆದು ನಿಂತ ಒಂದು ಆಕೃತಿ. ಅದು ಕಿರುಚುತ್ತಿದೆ ಎಂದೇ ಇಷ್ಟು ದಿನ ತಿಳಿದಿದ್ದೆ. ಎದುರು ನಿಂತು ನೋಡಿದೆ. ಎರಡೂ ಕೈ ಕಿವಿಯ ಮೇಲಿವೆ. ಅದು ಕೇಳುತ್ತಿದೆ ಅಜ್ಜ!

ಮುಂಕ್ ಬರೆದಿಟ್ಟದ್ದೂ ಹಾಗೆಯೇ. ಇಬ್ಬರು ಗೆಳೆಯರ ಜೊತೆ ನಡೆಯುತ್ತಿದ್ದಾಗ ಸೂರ್ಯ ಮುಳುಗಿತು, ಆಕಾಶ ರಕ್ತದ ಹಾಗೆ ಕೆಂಪಾಯಿತು, ಪ್ರಕೃತಿಯನ್ನೇ ಸೀಳಿಕೊಂಡು ಹೋದ ಒಂದು ಕೂಗು ಅವನಿಗೆ ಕೇಳಿಸಿತು. ಚಿತ್ರದಲ್ಲಿ ಆ ಗೆಳೆಯರಿಬ್ಬರು ದೂರದಲ್ಲಿ ಸುಮ್ನೆ ನಡೆಯುತ್ತಿದ್ದಾರೆ. ಅವರಿಗೆ ಏನೂ ಕೇಳಿಲ್ಲ. ಅವರ ದಾರಿಯ ಗೆರೆಗಳೂ ನೆಟ್ಟಗಿವೆ. ಆಕಾಶ ಮತ್ತು ನೀರು ಮಾತ್ರ, ಬಾವಿಗೆ ಕೊಡಪಾನ ಬಿದ್ದ ಹಾಗೆ, ಅಲೆ ಅಲೆ.

ಅಲ್ಲಿ ನಿಂತಾಗ ನನಗೆ ರನ್ನ ನೆನಪಾದ. ನೀವು ಎಷ್ಟು ಸಲ ಹೇಳಿದ್ದೀರಿ, ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಎಂದು! ಭೀಮನ ಗರ್ಜನೆಗೆ ರನ್ನ ಸಿಂಹವನ್ನೂ ಗುಡುಗನ್ನೂ ತರುತ್ತಾನೆ. ಅವನ್ನು ಬೇರೆ ಕವಿಗಳೂ ತಂದಾರು. ಆದರೆ ಆ ಬೆವರು? ವೈಶಂಪಾಯನ ಸರೋವರದ ನೀರಿನಲ್ಲಿ ಮುಳುಗಿ ಕೂತ ದುರ್ಯೋಧನನಿಗೆ ಬೆವರು ಬಂತು ಎಂದ ಮೇಲೆ ಆ ಕೂಗು ಎಂಥದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಸಾವಿರ ವರ್ಷದ ಹಿಂದೆ ನಮ್ಮ ರನ್ನ ಹಿಡಿದ ದಾರಿಯೇ ಮುಂಕನದ್ದೂ. ಕೂಗಿಗಿಂತ ಜಾಸ್ತಿ, ಕೇಳಿದವನ ಮೈಯನ್ನು ತೋರಿಸಿದ.

ಮೌನದ ಚಿತ್ರಗಳೂ ಇವೆ. ಡೆನ್ಮಾರ್ಕಿನ ಹಾಮರ್ಸ್‌ಹೋಯ್ ಎಂಬವರದ್ದನ್ನು ಪುಸ್ತಕದಲ್ಲಿ ನೋಡಿದೆ. ಬೂದು ಬಣ್ಣದ ಕೋಣೆ, ನಮಗೆ ಬೆನ್ನು ಮಾಡಿ ನಿಂತ ಹೆಂಗಸು, ಅಷ್ಟೆ. ಹಾಳೆ ತಿರುಗಿಸುವ ಸದ್ದು ಕೂಡ ಜೋರಾಯಿತು ಅನ್ನಿಸಿ ಮೆಲ್ಲಗೆ ತಿರುಗಿಸಿದೆ. ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ನೃತ್ಯ, ಸಂಗೀತವನ್ನೆಲ್ಲ ಬರೀ ಗೆರೆಯಲ್ಲಿ ಹಿಡಿದರಲ್ಲ, ಅದರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಪತ್ರವೇ ಬೇಕು.

ಒಂದು ನೆನಪು ಹೇಳಲೇಬೇಕು. ರಾತ್ರಿ ಗದ್ದೆಯ ಆಚೆ ಯಕ್ಷಗಾನದ ಆಟ ಶುರುವಾಗುವ ಹೊತ್ತಿಗೆ ನೀವು ಮಾತು ನಿಲ್ಲಿಸಿ ಕೈ ಎತ್ತುತ್ತಿದ್ದಿರಿ. ಚೆಂಡೆ ನನ್ನ ಕಿವಿಗೆ ಬೀಳುವ ಮೊದಲು ನಿಮ್ಮ ಮುಖದಲ್ಲಿ ಕಾಣಿಸುತ್ತಿತ್ತು. ನಿನ್ನೆ ಆ ಚಿತ್ರದ ಎದುರು ತುಂಬ ಹೊತ್ತು ನಿಂತದ್ದು ಅದಕ್ಕೇ ಇರಬೇಕು.

ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಮೊದಲು ಊರಿಗೆ ಬರುತ್ತೇನೆ. ಗದಾಯುದ್ಧ ಎಲ್ಲಿ ಆಡುತ್ತಾರೆ ಎಂದು ವಿಚಾರಿಸಿಡಿ. ಎದುರಿನ ಸಾಲಿನಲ್ಲೇ ಕುಳಿತುಕೊಳ್ಳೋಣ ಅಜ್ಜ, ಚೆಂಡೆಯ ಪೆಟ್ಟು ಎದೆಗೆ ತಾಗುವಷ್ಟು ಹತ್ತಿರ.

ಇತಿ ನಿಮ್ಮ ಪ್ರೀತಿಯ
ಮೊಮ್ಮಗಳು