ಕುತ್ತಿಗೆಯ ಗಂಟು: ಪ್ರಾಯ ನೋಡುವ ಬಗೆ ಬೇರೆ

ಮಾನ್ಯ ಸಂಪಾದಕರೇ,

‘ಪ್ರಾಯ ಎಪ್ಪತ್ತಾಯಿತು, ಇನ್ನೆಂಥ ಆಪರೇಶನ್’ ಎಂದು ಅಜ್ಜಿಯ ಕುತ್ತಿಗೆಯ ಗಂಟನ್ನು ಹಾಗೇ ಬಿಡುತ್ತಾರೆ. ಮೊಮ್ಮಗಳ ಸ್ಕ್ಯಾನಿನಲ್ಲಿ ಅರ್ಧ ಸೆಂ.ಮೀ. ಗಂಟು ಕಂಡರೆ ಮಾತ್ರ ಮರುದಿನವೇ ಮಂಗಳೂರಿಗೋ ತಲಶ್ಶೇರಿಗೋ ಓಟ. ಕಾಸರಗೋಡು ಕಡೆಯ ಮನೆಗಳಲ್ಲಿ ನಡೆಯುವ ಈ ಲೆಕ್ಕ ತಲೆಕೆಳಗಾದದ್ದು.

ಪ್ರಾಯವಾದಂತೆ ಕುತ್ತಿಗೆಯ ಮುಂಭಾಗದ ಥೈರಾಯ್ಡ್ ಗ್ರಂಥಿಯಲ್ಲಿ ಗಂಟುಗಳು ಹೆಚ್ಚುತ್ತವೆ, ಬಹುಪಾಲು ನಿರಪಾಯ. ಆದರೆ ಕ್ಯಾನ್ಸರೇ ಆಗಿದ್ದರೆ ಹಿರಿಯರಲ್ಲಿ ಅದರ ಪಟ್ಟು ಬಿಗಿ. ಕ್ಯಾನ್ಸರ್ ಎಷ್ಟು ಗಂಭೀರ ಎಂದು 1ರಿಂದ 4ರವರೆಗೆ ಹಂತ ನಿರ್ಧರಿಸುವಾಗ ಪ್ರಾಯವನ್ನೂ ನೋಡುತ್ತಾರೆ; 2018ರಿಂದ ಇದರ ವಯೋಮಿತಿ 45ರಿಂದ 55ಕ್ಕೆ ಏರಿದೆ. ಸಾಮಾನ್ಯವಾಗಿ ಕಾಣುವ ಪ್ಯಾಪಿಲ್ಲರಿ ಬಗೆ ಶ್ವಾಸಕೋಶಕ್ಕೆ ಹರಡಿದ್ದರೂ 55ರ ಒಳಗಿನವರಿಗೆ ಅದು 2ನೇ ಹಂತ. 55 ತುಂಬಿದವರಿಗೆ 4ನೇ ಹಂತ. ಅರುವತ್ತು ದಾಟಿದವರಲ್ಲಿ ಗಂಟು ವಾರಗಳಲ್ಲೇ ದೊಡ್ಡದಾಗಿ, ಸ್ವರ ಒಡೆದು, ಅನ್ನ ನುಂಗಲು ಕಷ್ಟವಾದರೆ ಒಂದು ದಿನವೂ ಕಾಯಬಾರದು. ಅನಾಪ್ಲಾಸ್ಟಿಕ್ ಎಂಬ ಅತಿ ಕ್ರೂರ ಬಗೆ ಬರುವುದು ಹೀಗೆಯೇ.

ಟಿಎಸ್‌ಎಚ್ (ಥೈರಾಯ್ಡಿನ ಕೆಲಸ ಅಳೆಯುವ) ರಕ್ತಪರೀಕ್ಷೆಯೊಂದರಿಂದ ಕ್ಯಾನ್ಸರ್ ತಿಳಿಯದು. ಅಲ್ಟ್ರಾಸೌಂಡ್‌ನಲ್ಲಿ ಗಂಟಿನ ಅಂಚು ಒರಟಾಗಿ, ಒಳಗೆ ಸುಣ್ಣದ ಸಣ್ಣ ಚುಕ್ಕಿಗಳಿದ್ದು, ಅಗಲಕ್ಕಿಂತ ಎತ್ತರ ಹೆಚ್ಚಿದ್ದರೆ ಸಂಶಯ ಬಲವಾಗುತ್ತದೆ, 1 ಸೆಂ.ಮೀ. ಅಥವಾ ಹೆಚ್ಚು ಇದ್ದರೆ ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುವ ಪರೀಕ್ಷೆ ಬೇಕು. ಅದಕ್ಕಿಂತ ಚಿಕ್ಕದಾಗಿ, ಗ್ರಂಥಿಯೊಳಗೇ ಇರುವ ಕ್ಯಾನ್ಸರನ್ನು ತಜ್ಞರ ನಿಗಾದಲ್ಲಿ ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯಬಹುದು. ಇಂಥ ಚಿಕ್ಕವು ಮಾತ್ರ ಹಿರಿಯರಲ್ಲಿ ಬೆಳೆಯುವುದು ಇನ್ನೂ ನಿಧಾನ.

ಒಂದೇ ಬದಿಯಲ್ಲಿ 4 ಸೆಂ.ಮೀ. ಒಳಗಿದ್ದು, ಹರಡದ, ಅಪಾಯ ಕಡಿಮೆಯ ಕ್ಯಾನ್ಸರ್ ಗಂಟಿಗೆ ಹಲವು ವೇಳೆ ಅರ್ಧ ಗ್ರಂಥಿ ತೆಗೆದರೆ ಸಾಕು. ಮುಂದೆ ಐವತ್ತು ವರ್ಷ ಬಾಳಬೇಕಾದ ಹುಡುಗಿಗೆ ಇದು ದೊಡ್ಡ ಲಾಭ: ಇನ್ನೊಂದು ಬದಿಯ ಸ್ವರದ ನರಕ್ಕೂ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್‌ಗಳಿಗೂ ಕೈ ತಾಗುವುದಿಲ್ಲ. ಹಿರಿಯರಾದರೆ ಮೊದಲು ಇಸಿಜಿ, ಎಕೋ, ಸ್ವರತಂತಿಗಳ ಪರೀಕ್ಷೆ ಆಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ತಾವಾಗಿ ನಿಲ್ಲಿಸಬೇಡಿ.

ಆಪರೇಶನ್ ಆದ ಮೊದಲ ದಿನ ಕುತ್ತಿಗೆ ಊದಿ ಉಸಿರು ಕಟ್ಟಿದರೆ ಒಳಗೆ ರಕ್ತ ತುಂಬುತ್ತಿರಬಹುದು, ಕೂಡಲೇ ನರ್ಸನ್ನು ಕೂಗಿ. ಪೂರ್ತಿ ಗ್ರಂಥಿ ತೆಗೆದವರಿಗೆ ಎರಡು–ಮೂರು ದಿನದಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಎನಿಸಿದರೆ ಕ್ಯಾಲ್ಸಿಯಂ ಇಳಿದಿದೆ ಎಂದರ್ಥ. ಗ್ರಂಥಿಯ ಹಾರ್ಮೋನಿನ ಬದಲಿಗೆ ಕೊಡುವ ಥೈರಾಕ್ಸಿನ್ ಮಾತ್ರೆ ಬೆಳಗ್ಗೆ ಬರಿಹೊಟ್ಟೆಗೆ. ಕ್ಯಾಲ್ಸಿಯಂ ಮಾತ್ರೆ 4 ಗಂಟೆ ಬಿಟ್ಟು. ಥೈರಾಕ್ಸಿನ್ ಹೆಚ್ಚಾದರೆ ಹಿರಿಯರ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಅಜ್ಜ–ಅಜ್ಜಿಯರು ಬಿಡುಗಡೆ ಚೀಟಿಯ ಇಂಗ್ಲಿಷ್, ಮಲಯಾಳ ಓದಲಾಗದೆ ಎರಡೂ ಮಾತ್ರೆಗಳನ್ನು ಒಟ್ಟಿಗೆ ನುಂಗುತ್ತಾರೆ. ಆಗ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಜಿಲ್ಲೆಯ ರೋಗಿಗಳು ಹೋಗುವ ಆಸ್ಪತ್ರೆಗಳು ಚೀಟಿಯ ಕೆಳಗೆ ಮಾತ್ರೆಯ ಹೊತ್ತು ಮತ್ತು ಅಪಾಯದ ಚಿಹ್ನೆಗಳನ್ನು ನಾಲ್ಕು ಸಾಲು ಕನ್ನಡದಲ್ಲಿ ಅಚ್ಚು ಹಾಕಿಸಲಿ.

– ಕಿವಿ, ಮೂಗು, ಗಂಟಲು ವೈದ್ಯರು, ಬದಿಯಡ್ಕ