ಒಂದೇ ವೇದಿಕೆ, ಎರಡು ಷಡ್ಜ

ಮಾನ್ಯರೇ,

ಮಾತು ಬಿಟ್ಟ ಅಣ್ಣ-ತಂಗಿ ಕೊನೆಯ ಅಧ್ಯಾಯದಲ್ಲಿ ಒಂದೇ ರಾಗ ಹಾಡಿ ಒಂದಾಗುವುದು ಸಂಗೀತದ ಕಾದಂಬರಿಗಳಲ್ಲಿ ಸವೆದ ದಾರಿ. ಯಾವ ಶ್ರುತಿಯಲ್ಲಿ ಹಾಡಿದರೆಂದು ಮಾತ್ರ ಯಾರೂ ಬರೆಯುವುದಿಲ್ಲ! ಅಣ್ಣನ ಷಡ್ಜ, ಅಂದರೆ ಹಾಡಿಗೆ ಆಧಾರವಾದ ‘ಸ’, ಹಾರ್ಮೋನಿಯಂನ ಕಪ್ಪು ಒಂದು (ಮೊದಲ ಕಪ್ಪು ಮನೆ), ತಂಗಿಯದು ಕಪ್ಪು ಮೂರು ಎಂದಿಟ್ಟುಕೊಳ್ಳಿ. ಅವನ ಶ್ರುತಿಗೆ ಹಾಡಿದರೆ ಅವಳ ಮಂದ್ರದ, ಅಂದರೆ ಕೆಳಗಿನ, ಸ್ವರಗಳು ಕೇಳಿಸವು. ಅವಳದಕ್ಕೆ ಹಾಡಿದರೆ ತಾರಷಡ್ಜದಲ್ಲಿ (ಮೇಲಿನ ‘ಸ’) ಅವನ ದನಿ ಒಡೆಯುತ್ತದೆ. ನಡುವೆ ಹಿಡಿದರೆ ಇಬ್ಬರಿಗೂ ಇರುಸುಮುರುಸು.

ಪಂಡಿತ್ ಜಸರಾಜ್ ರೂಪಿಸಿದ ಜಸರಂಗಿ ಜುಗಲ್‌ಬಂದಿಯಲ್ಲಿ ಇದಕ್ಕೆ ದಾರಿಯಿದೆ: ಗಂಡು, ಹೆಣ್ಣು ತಂತಮ್ಮ ಶ್ರುತಿಯಲ್ಲೇ ಬೇರೆ ಬೇರೆ ರಾಗಗಳನ್ನು ಒಟ್ಟಿಗೆ ಹಾಡುವುದು. ಅಣ್ಣನ ಮಧ್ಯಮವೇ (‘ಮ’) ತಂಗಿಯ ಷಡ್ಜ. ಅವನು ಆಭೋಗಿ ರಾಗ ಹಾಡಲಿ, ಅವಳು ಕಲಾವತಿ. ಹಾರ್ಮೋನಿಯಂ ಮೇಲೆ ಒತ್ತುವುದು ಅದೇ ಐದು ಮನೆಗಳನ್ನು. ಆಭೋಗಿಗೆ ಪಂಚಮವಿಲ್ಲ (‘ಪ’), ಹಾಗಾಗಿ ಅವನ ತಂಬೂರಿಯ ಮೊದಲ ತಂತಿ ಮಧ್ಯಮಕ್ಕೆ, ಅವಳದು ಪಂಚಮಕ್ಕೆ. ಅಲ್ಲಿಗೆ ಎರಡೂ ತಂಬೂರಿಗಳು ನುಡಿಯುವುದು ಕಪ್ಪು ಒಂದು, ಕಪ್ಪು ಮೂರನ್ನೇ.

ಎಡವುವುದು ಬೇರೆ ಕಡೆ. ಒಬ್ಬರ ಷಡ್ಜ ಇನ್ನೊಬ್ಬರನ್ನು ಎಳೆಯುತ್ತದೆ. ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವಾಗ ತಂಗಿ ಮೈಮರೆತು ಅಣ್ಣನ ಷಡ್ಜದಲ್ಲಿ ನಿಂತರೆ, ಅವಳ ಲೆಕ್ಕದಲ್ಲಿ ಅದು ಪಂಚಮ. ಅಪಸ್ವರವೇನಲ್ಲ, ಆದರೆ ಅವಳ ರಾಗದ ಮನೆ ಕೈತಪ್ಪಿರುತ್ತದೆ. ಹಳೇ ಮುನಿಸು ಮರುಕಳಿಸಲು ಕಾದಂಬರಿಕಾರರಿಗೆ ಅಷ್ಟು ಸಾಕಲ್ಲವೇ?

— ಸಂಗೀತ ಶಿಕ್ಷಕ, ಧಾರವಾಡ