ರಿಪೋರ್ಟ್ ನಾರ್ಮಲ್, ನೋವು ಹಾಗೇ ಇದೆ

ಮಾನ್ಯ ಸಂಪಾದಕರೇ,

ರೋಬಸ್ಟಾ ಕಾಫಿ ಕೊಯ್ಲಿನ ಸಮಯದಲ್ಲಿ ಶುರುವಾದ ಬೆರಳು ನೋವು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಗಂಟುಗಳೆಲ್ಲ ಊದಿಕೊಂಡಿರುತ್ತವೆ. ರೊಟ್ಟಿ ತಟ್ಟಲು ಆಗುವುದಿಲ್ಲ, ರವಿಕೆಯ ಹುಕ್ ಹಾಕಲು ಮಗಳನ್ನು ಕರೆಯಬೇಕು. ಸಂಜೆ ಸಣ್ಣ ಜ್ವರ, ಸುಸ್ತು. ಆದರೆ ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಊತ ಇಳಿದಿರುತ್ತದೆ. ಅದಕ್ಕೇ ಈಗ ಬೆಳಗಿನ ಕೈಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುತ್ತೇನೆ.

"ರಿಪೋರ್ಟ್ ನಾರ್ಮಲ್, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ" ಅನ್ನುವವರೇ ಜಾಸ್ತಿ. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದರೂ ಸಂಧಿವಾತ ಇರಬಹುದು, ಕೆಲವು ಕಾಯಿಲೆ ಪೂರ್ತಿ ಕಾಣಿಸಿಕೊಳ್ಳಲು ಸಮಯ ಬೇಕು ಎಂದು ಮೈಸೂರಿನ ವೈದ್ಯರೊಬ್ಬರು ಬಿಡಿಸಿ ಹೇಳಿದರು. ಕಾಯಿಲೆಯ ಹೆಸರು ಇನ್ನೂ ಗೊತ್ತಾಗಿಲ್ಲ. ಆದರೂ ನನ್ನ ಮಾತು ನಂಬಿದರಲ್ಲ, ಅದೇ ದೊಡ್ಡದು.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ನಾನು ಹೇಗೋ ಹೋಗಿ ಬರುತ್ತೇನೆ. ದಿನದ ಕೂಲಿ ಬಿಟ್ಟು ಹೋಗಬೇಕಾದ, ತೋಟದ ಕಾರ್ಮಿಕರ ಲೈನ್‌ಮನೆಯ ಹೆಂಗಸರು ಏನು ಮಾಡಬೇಕು? ನೋವು ನುಂಗಿಕೊಂಡೇ ಕಾಫಿ ಕೊಯ್ಯುತ್ತಾರೆ, ಅಲ್ವಾ? ತಿಂಗಳಿಗೆ ಒಂದು ದಿನವಾದರೂ ಕೀಲುರೋಗ ತಜ್ಞರು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಬರುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಲಿ. ಹಳೇ ರಿಪೋರ್ಟ್‌ಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವಷ್ಟು ಸಮಯವನ್ನೂ ಅವರಿಗೆ ಕೊಡಲಿ.

– ಕಾಫಿ ಬೆಳೆಗಾರ್ತಿ, ನಾಪೋಕ್ಲು